ಸೋಮಶೇಖರನ ಕೆಮ್ಮು ನಿಂತ ದಿನ

ಸೋಮಶೇಖರನ ಸಂಕಟವೆಲ್ಲ ಶುರುವಾದದ್ದು ಅವನ ಕೆಮ್ಮು ನಿಂತದ್ದರಿಂದ.

ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಅವನು ಸೂಪರ್‌ವೈಸರ್. ತಿಂಗಳುಗಟ್ಟಲೆ ಒಣಕೆಮ್ಮು ಅವನ ಬೆನ್ನು ಬಿಟ್ಟಿರಲಿಲ್ಲ. ಹೆಂಡತಿ ದ್ರಾಕ್ಷಾಯಣಿ ಮೆಣಸಿನ ಕಷಾಯ ಕುಡಿಸಿದಳು. ಪಕ್ಕದ ಮನೆಯ ಸಾಮಿಯಾತಾಳ್ ಅಜ್ಜಿ ಚುಕ್ಕು ಕಾಪಿಯೆಂದು ಒಣಶುಂಠಿ ಕುದಿಸಿ ತಂದುಕೊಟ್ಟರು. ಗಂಟಲು ಒಲೆಯಂತಾಯಿತೇ ಹೊರತು ಕೆಮ್ಮು ಜಗ್ಗಲಿಲ್ಲ. ಕೊನೆಗೆ ಆರ್.ಎಸ್. ಪುರಂನ ಡಾಕ್ಟರೊಬ್ಬರು ಎಕ್ಸ್‌ರೇ ನೋಡಿ, ಎಲ್ಲ ವಿಚಾರಿಸಿ, ಇದು ಬಿ.ಪಿ. ಮಾತ್ರೆಯದೇ ಕಿತಾಪತಿ ಎಂದು ಹಿಡಿದರು. ಬೇರೆ ಮಾತ್ರೆ ಬರೆದುಕೊಟ್ಟು, ಕೆಲವು ವಾರ ತಾಳಿಕೊಳ್ಳಿ ಎಂದರು. ಕೆಮ್ಮು ಇಳಿಯುತ್ತ ಇಳಿಯುತ್ತ ಇಂದು ಬೆಳಿಗ್ಗೆ ಪೂರ್ತಿ ಮಾಯವಾಗಿತ್ತು.

ಸೋಮಶೇಖರನಿಗೆ ಕುಣಿಯುವಷ್ಟು ಖುಷಿ. ಯಾಕೆಂದರೆ ಮಾಲೀಕ ನಟರಾಜನ್ ಮಾತು ಕೊಟ್ಟಿದ್ದರು: "ವಿಡಿಯೋ ಕಾಲ್‌ನಲ್ಲಿ ನಿಮ್ಮ ಇರುಮಲ್ ಕೇಳಿ ಫಾರಿನ್ನವರು ಹೆದರ್ತಾರೆ ಸೋಮಶೇಖರ್. ಅದು ನಿಲ್ಲಲಿ, ಮ್ಯಾನೇಜರ್ ಸೀಟು ನಿಮಗೇ." ಇರುಮಲ್ ಎಂದರೆ ಕೆಮ್ಮು. ಧಾರಾಪುರಂ ಕಡೆಯ ಹಳೇ ಕನ್ನಡದ ಮನೆಯವರಾದ ನಟರಾಜನ್ ಮಾತಿನಲ್ಲಿ ತಮಿಳು ಹೀಗೆ ಧಾರಾಳ.

ಇಸ್ತ್ರಿಯ ಅಂಗಿ ತೊಟ್ಟು ಸದ್ದಿಲ್ಲದೆ ಬಾಗಿಲು ತೆರೆದ. ಸಾಮಿಯಾತಾಳ್ ಅಜ್ಜಿ ತಮ್ಮ ಅಂಗಳದ ಕಸವನ್ನು ಇವನ ಹೊಸ್ತಿಲಿಗೆ ಗುಡಿಸುತ್ತಿದ್ದರು.

"ಅಯ್ಯೋ ಸಾಮಿ! ಹೀಗಾ ಕಳ್ಳನ ಮಾದಿರಿ ಬರೋದು? ಒಂದು ಸಲ ಕೆಮ್ಮಬಾರ್ದಾ?"

ಅವರ ಕಸಕ್ಕೆ ಇವನೇ ಕ್ಷಮೆ ಕೇಳಿ ಹೊರಟ.

ಕಂಪನಿಯಲ್ಲಿ ಅವನು ಮೆಟ್ಟಿಲು ಹತ್ತಿದನೆಂದರೆ ಎಲ್ಲರ ತಲೆಯೂ ಮಿಷಿನ್ ಮೇಲೆ ಬಗ್ಗಿರುತ್ತಿತ್ತು. ಅದು ತನ್ನ ಗತ್ತು ಎಂದು ಅವನು ಬೀಗಿದ್ದ. ಇವತ್ತು ನೋಡಿದರೆ ಮಿಷಿನ್‌ಗಳೆಲ್ಲ ಮಲಗಿವೆ. ಟೈಲರ್ ಭೂಪತಿ ಕೊರಳಿಗೆ ಟೇಪು ಹಾಕಿಕೊಂಡು, ಸೊಂಟಕ್ಕೆ ಕೈಯಿಟ್ಟು, ಥೇಟು ಸೋಮಶೇಖರನ ಹಾಗೆ ಕೆಮ್ಮುತ್ತ ನಡೆಯುತ್ತಿದ್ದಾನೆ. ಸುತ್ತಲೂ ಚಪ್ಪಾಳೆ.

ತಿರುಗಿ ನೋಡಿದ ಭೂಪತಿ ಕಂಗಾಲಾದ. "ಸಾರ್... ಇರುಮಲ್ ಎಲ್ಲಿ ಸಾರ್?"

ಸೋಮಶೇಖರನಿಗೆ ನಿಜಕ್ಕೂ ನೋವಾಯಿತು. ಇಷ್ಟು ದಿನದ ಮರ್ಯಾದೆ ತನಗಲ್ಲ, ಕೆಮ್ಮಿಗೆ! ಇರಲಿ, ಮ್ಯಾನೇಜರ್ ಆದಮೇಲೆ ನೋಡಿಕೊಳ್ಳೋಣ ಎಂದು ನೇರ ಮಾಲೀಕರ ಕ್ಯಾಬಿನ್ನಿಗೆ ಹೋಗಿ ಬಾಗಿಲು ತಳ್ಳಿದ.

ಸಕ್ಕರೆ ಕಾಯಿಲೆಯ ನಟರಾಜನ್ ಎರಡೂ ಕೈಯಲ್ಲಿ ಮೈಸೂರುಪಾಕು ಹಿಡಿದಿದ್ದರು. ಬಾಯಲ್ಲಿ ಮೂರನೆಯದಿತ್ತು. ಗಾಬರಿಗೆ ಅದು ಗಂಟಲಿಗೆ ಸಿಕ್ಕಿ, ಅವರು ಕೆಮ್ಮಿದ ಅಬ್ಬರಕ್ಕೆ ಕಿಟಕಿಯ ಗಾಜು ನಡುಗಿತು. ಸೋಮಶೇಖರ ಬೆನ್ನು ತಟ್ಟಿ ನೀರು ಕುಡಿಸಿದ.

ಉಸಿರು ಬಂದಮೇಲೆ ನಟರಾಜನ್ ಕಣ್ಣೊರೆಸಿಕೊಂಡು ಕೇಳಿದರು. "ಮೆಟ್ಟಿಲ ಹತ್ರ ನಿಮ್ಮ ಇರುಮಲ್ ಸದ್ದೇ ಕೇಳ್ಲಿಲ್ವಲ್ಲ?"

"ಕೆಮ್ಮು ನಿಂತೋಯ್ತು ಸಾರ್. ನೀವು ಸೀಟು ಕೊಡ್ತೀನಿ ಅಂದಿದ್ರಿ."

"ಕೊಡ್ತೀನಿ. ಆದ್ರೆ ಮ್ಯಾನೇಜರ್ ರೂಮು ನನ್ನ ಪಕ್ಕದ್ದು." ಅವರು ದನಿ ತಗ್ಗಿಸಿದರು. "ಸೀಟು ಬೇಕಾದ್ರೆ ನೀವು ಬರೋದು ನನಗೆ ಮುಂಚೇನೇ ಗೊತ್ತಾಗ್ಬೇಕು. ವಿಡಿಯೋ ಕಾಲ್‌ನಲ್ಲಿ ಬೇಡ, ಮೆಟ್ಟಿಲಲ್ಲಿ ಮಾತ್ರ ಕೆಮ್ಮಿ, ಮೊದಲಿನ ಮಾದಿರಿ. ಈ ಸಂಗತಿ ಮನೆಗೆ ಹೋಗ್ಬಾರ್ದು. ನಮ್ಮ ಮನೆಯವರೂ ನಿಮ್ಮ ಮನೆಯವರೂ ದಿನಾ ಒಟ್ಟಿಗೆ ವಾಕಿಂಗ್ ಹೋಗ್ತಾರೆ."

ಸಂಜೆ ಸೋಮಶೇಖರ ಬಚ್ಚಲಿನ ಬಾಗಿಲು ಹಾಕಿಕೊಂಡು ಅಭ್ಯಾಸಕ್ಕೆ ನಿಂತ. ಮೊದಲ ಕೆಮ್ಮು ಕುರಿಯ ಹಾಗೆ ಬಂತು. ಎರಡನೆಯದು ಪರವಾಗಿಲ್ಲ ಎನ್ನುವಂತಿತ್ತು.

"ರೀ, ಮತ್ತೆ ಶುರುವಾಯ್ತಾ!" ದ್ರಾಕ್ಷಾಯಣಿ ಬಾಗಿಲು ಬಡಿದಳು. ಹೊರಬಂದರೆ ಅವಳ ಕೈಯಲ್ಲಿ ಕಷಾಯದ ಲೋಟ. ಹಿಂದೆಯೇ ಚುಕ್ಕು ಕಾಪಿಯ ಚೊಂಬು ಹಿಡಿದು ಸಾಮಿಯಾತಾಳ್ ಅಜ್ಜಿ. ಅವರ ಮುಖದಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು.

"ನಾನ್ ಹೇಳ್ಲಿಲ್ವಾ, ಡಾಕ್ಟ್ರು ಮಾತ್ರೆಗೆಲ್ಲ ಇದು ಹೋಗೋದಲ್ಲ ಅಂತ!"

ನಿಜ ಹೇಳುವಂತಿಲ್ಲ. ಸೋಮಶೇಖರ ಕಣ್ಣು ಮುಚ್ಚಿ ಕಷಾಯವನ್ನು ಒಂದೇ ಗುಟುಕಿಗೆ ಸುರಿದುಕೊಂಡ. ಮೆಣಸಿನ ಪುಡಿ ನೇರ ಗಂಟಲಿಗೆ ಹಾರಿತು. ಆಗ ಬಂದ ಕೆಮ್ಮಿಗೆ ಅಭ್ಯಾಸವೇ ಬೇಕಿರಲಿಲ್ಲ.