ಬಾಡಿಗೆ ಮನೆಯಲ್ಲಿ ಬೆರಿಲ್‌ಳ ಬಾಣಂತನ

ಒಂದು ಹುಳ ಸಾಕುವುದಕ್ಕೆ ಪರರ ಅಪ್ಪಣೆ ಬೇಡುವ ಗಂಡಸು ನಾನಲ್ಲ! ಟೌನ್ಸ್‌ವಿಲ್‌ನ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈ ಸೊಂಟದ ಮೇಲೆ ಇಟ್ಟುಕೊಂಡು ನಾನು ಹೀಗೆ ಘೋಷಿಸಿದೆ. ಸಭಿಕರು ಒಬ್ಬರೇ, ನನ್ನ ಹೆಂಡತಿ ಗ್ಲೆನಿಸ್. ಆಕೆಯ ಗಮನವೂ ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದರ ಮೇಲಿತ್ತು.

ಘೋಷಣೆಗೆ ಕಾರಣ ಎರಡು ಜಿರಳೆಗಳು. ದಯವಿಟ್ಟು ಚಪ್ಪಲಿ ಹುಡುಕಬೇಡಿ. ಇವು ಸಿಂಕಿನ ಕೆಳಗೆ ಸರ್ರೆಂದು ಓಡುವ ಆ ಪುಕ್ಕಲು ಜಾತಿಯವಲ್ಲ. ನಮ್ಮ ಉತ್ತರ ಕ್ವೀನ್ಸ್‌ಲ್ಯಾಂಡಿನ ಅಪ್ಪಟ ಮಣ್ಣಿನ ಮಕ್ಕಳು! ಅಂಗೈ ತುಂಬುವ ಗಾತ್ರ, ಪಾಲಿಶ್ ಮಾಡಿದ ಬೂಟಿನಂಥ ಕವಚ, ಮುಂಗಾಲಿನಲ್ಲಿ ಹುಟ್ಟಾ ಗುದ್ದಲಿ. ರೆಕ್ಕೆಯಿಲ್ಲ, ವಾಸನೆಯಿಲ್ಲ. ಊಟಕ್ಕೆ ಒಣಗಿದ ನೀಲಗಿರಿ ಎಲೆ ಸಾಕು. ಹಗಲೆಲ್ಲ ಮರಳಿನಡಿ ಬಿಲ ತೋಡಿ ಮಲಗುತ್ತವೆ. ಹತ್ತು ವರ್ಷ ಬದುಕಿದರೂ ಒಮ್ಮೆಯೂ ಎದುರು ಮಾತಾಡುವುದಿಲ್ಲ, ಹೆಚ್ಚೆಂದರೆ ಬುಸ್ ಎನ್ನುತ್ತವೆ. ಇಷ್ಟು ಸದ್ಗುಣ ನಮ್ಮ ನೆಂಟರಿಷ್ಟರಲ್ಲಿ ಯಾರಿಗಿದೆ, ಹೇಳಿ?

ಹೆಣ್ಣು ಬೆರಿಲ್, ಗಂಡು ಹೊರೇಸ್. ಗ್ಲೆನಿಸ್ ಆಸ್ಪತ್ರೆಯಲ್ಲಿ ನರ್ಸ್; ಜೊತೆಯವಳೊಬ್ಬಳು ದಕ್ಷಿಣಕ್ಕೆ ವರ್ಗವಾಗಿ ಹೋಗುವಾಗ ಇವನ್ನು ಅವಳ ಕೈಗಿಟ್ಟಿದ್ದಳು. ನಾಯಿ ಕಂಡರೆ ಸೀನು, ಬೆಕ್ಕು ಕಂಡರೆ ದದ್ದು ಬರುವ ಗ್ಲೆನಿಸ್‌ಗೆ ಬಾಳಿನಲ್ಲಿ ಮೊದಲ ಸಲ ಮುದ್ದು ಮಾಡಲು ಒಂದು ಜೀವ ಸಿಕ್ಕಿತ್ತಂತೆ.

“ಮೊದಲ ಸಲಾನಾ? ಇಪ್ಪತ್ತಾರು ವರ್ಷದಿಂದ ನಾನಿಲ್ವಾ?” ಎಂದು ಕೇಳಿ ನೋಡಿದೆ.

“ನೀನು ಬಿಲದೊಳಗೆ ಹೋಗಿ ಸುಮ್ನೆ ಮಲಗಲ್ವಲ್ಲ ಮರ್ವ್,” ಎಂದಳು.

ದಿನವೂ ಕೆಲಸದಿಂದ ಬಂದವಳೇ ಬೂಟು ಕಳಚುವ ಮೊದಲು ಬೆರಿಲ್‌ಳನ್ನು ಅಂಗೈ ಮೇಲೆ ಕೂರಿಸಿಕೊಂಡು ವಾರ್ಡಿನ ಕಥೆಯೆಲ್ಲ ಹೇಳುತ್ತಿದ್ದಳು. ಬೆರಿಲ್ ಮೀಸೆ ಅಲ್ಲಾಡಿಸಿ ಕೇಳುತ್ತಿದ್ದಳು. ಆ ಶ್ರದ್ಧೆ ನನಗೆ ಎಂದೂ ಬಂದಿಲ್ಲ.

ತೊಡಕು ಒಂದೇ. ಬಾಡಿಗೆ ಕರಾರಿನಲ್ಲಿ ‘ಲಿಖಿತ ಅಪ್ಪಣೆಯಿಲ್ಲದೆ ಸಾಕುಪ್ರಾಣಿ ಇಡತಕ್ಕದ್ದಲ್ಲ’ ಎಂಬ ಕಲಮಿತ್ತು.

“ಏಜೆಂಟನ್ನ ಕೇಳ್ಬಿಡೋಣ,” ಎಂದಳು ಗ್ಲೆನಿಸ್.

“ಜಿರಳೆಗೆ ಅಪ್ಪಣೆಯಾ! ನಾಳೆ ಸೊಳ್ಳೆಗೆ ಕೇಳ್ತಾರೆ, ನಾಡಿದ್ದು ಹಲ್ಲಿಗೆ! ನಮ್ಮ ಪ್ಯಾಸ್ಕೋ ವಂಶ ಯಾರ ಮುಂದೆಯೂ ತಲೆ ಬಗ್ಗಿಸಿದ್ದಿಲ್ಲ ಗ್ಲೆನ್!”

“ನಿಮ್ಮಜ್ಜ ಚಿನ್ನದ ಗಣೀಲಿದ್ರು. ನಲವತ್ತು ವರ್ಷ ತಲೆ ಬಗ್ಗಿಸ್ಕೊಂಡೇ ಓಡಾಡಿದ್ರು.”

“ಏಜೆಂಟಿನ ವಿಷಯ ನನಗೆ ಬಿಡು!” ಎಂದೆ. ಬಿಟ್ಟಳು. ಅಲ್ಲೇ ಆದದ್ದು ಎಡವಟ್ಟು.

ನಮ್ಮಲ್ಲಿ ಬಾಡಿಗೆಗೆ ಇರುವವನಿಗೆ ಯಮನಿಗಿಂತ ದೊಡ್ಡ ಭಯ ಮೂರು ತಿಂಗಳಿಗೊಮ್ಮೆ ಬರುವ ಇನ್‌ಸ್ಪೆಕ್ಷನ್. ಯಮ ಒಮ್ಮೆ ಬಂದು ಹೋಗುತ್ತಾನೆ, ಮತ್ತೆ ಓವನ್ ತೆರೆದು ನೋಡುವುದಿಲ್ಲ. ಮನೆಯೊಡೆಯರ ಪರವಾಗಿ ತಪಾಸಣೆಗೆ ಬರುವ ಏಜೆಂಟ್ ಥೋರಾ ಕ್ವಿಲ್ಟಿ ನೋಡುತ್ತಾರೆ. ಬಚ್ಚಲ ಹೆಂಚುಗಳ ಸಂದಿಗೆ ಉಗುರು ಹಾಕುತ್ತಾರೆ. ಫ್ಯಾನಿನ ರೆಕ್ಕೆಯ ಮೇಲೆ ಬೆರಳಾಡಿಸಿ, ಆ ಬೆರಳನ್ನು ನಿಮ್ಮ ಮೂಗಿನ ಮುಂದೆ ಹಿಡಿಯುತ್ತಾರೆ. ಒಂದು ಕಲಮು ಮುರಿದಿದ್ದೀರೆಂದು ಗೊತ್ತಾದರೆ ಮನೆ ಬಿಡಲು ನೋಟೀಸು. ಟೌನ್ಸ್‌ವಿಲ್‌ನಲ್ಲಿ ಈಗ ಇನ್ನೊಂದು ಬಾಡಿಗೆ ಮನೆ ಸಿಗುವುದಕ್ಕಿಂತ ಮೊಸಳೆಯ ಬಾಯಲ್ಲಿ ಚಿನ್ನದ ಹಲ್ಲು ಸಿಗುವುದು ಸುಲಭ.

ಗುರುವಾರ ಮಧ್ಯಾಹ್ನ ಒಂದೂವರೆಗೆ ಬರುತ್ತೇನೆಂದು ಸಂದೇಶ ಕಳಿಸಿದರು. ಗ್ಲೆನಿಸ್ ಬೆಳಗಿನ ಪಾಳಿಗೆ ಹೊರಟು ಹೋದ ಮೇಲೆ ನಾನು ರಜೆ ಹಾಕಿ ಕಾರ್ಯಾಚರಣೆಗಿಳಿದೆ. ನೆಪೋಲಿಯನ್ನನೂ ಅಷ್ಟು ಯೋಚಿಸಿರಲಾರ! ಜಿರಳೆಗಳಿದ್ದ ಗಾಜಿನ ತೊಟ್ಟಿಯನ್ನು ಎಲ್ಲಿ ಅಡಗಿಸುವುದು? ಎತ್ತರದ ಕಂಬಗಳ ಮೇಲೆ ನಿಂತ ಮನೆ ನಮ್ಮದು. ಅಡಿಯಲ್ಲಿ ಕಾರು, ಬಟ್ಟೆ ಒಗೆಯುವ ಯಂತ್ರ. ಥೋರಾ ಅಲ್ಲಿಯೂ ಬಗ್ಗಿ ನೋಡುವವರೇ. ಆಗ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಬಿಲ ತೋಡುವ ಪ್ರಾಣಿಗೆ ತೊಟ್ಟಿ ಯಾಕೆ? ಮಣ್ಣಿದ್ದರೆ ಸಾಕು! ವರಾಂಡದಲ್ಲಿ ಮನೆಯೊಡೆಯರದೇ ಒಂದು ದೇವಕಣಗಿಲೆ ಗಿಡ, ಒಬ್ಬನ ತೋಳು ಕಷ್ಟಪಟ್ಟು ಸುತ್ತುವಂಥ ದೊಡ್ಡ ಕುಂಡದಲ್ಲಿದೆ. ಬೆರಿಲ್‌ಳನ್ನೂ ಹೊರೇಸನನ್ನೂ ಅದರ ಮಣ್ಣಿನ ಮೇಲಿಟ್ಟೆ. ಎರಡೂ ಬುಸ್ ಎಂದು ನನ್ನನ್ನು ಬೈದು, ಐದೇ ನಿಮಿಷದಲ್ಲಿ ಭೂಗತವಾದವು. ನಾಲ್ಕು ಒಣ ಎಲೆ ಉದುರಿಸಿದೆ. ತೊಟ್ಟಿಯನ್ನು ತೊಳೆದು ಅದರಲ್ಲಿ ಈರುಳ್ಳಿ ತುಂಬಿಟ್ಟೆ. ಸಾಕ್ಷ್ಯ ನಾಶ ಸಂಪೂರ್ಣ!

ಥೋರಾ ಸರಿಯಾಗಿ ಒಂದೂವರೆಗೆ ಬಂದರು. ಓವನ್ ಪಾಸಾಯಿತು. ಬಚ್ಚಲು ಪಾಸಾಯಿತು. “ಈ ಸಲ ಪರವಾಗಿಲ್ಲ ಮರ್ವಿನ್. ಈರುಳ್ಳಿ ಜಾಸ್ತಿ ತಿಂತೀರೇನೋ,” ಎಂದರು. ನಾನು ದೇವದೂತನಂತೆ ನಕ್ಕೆ.

ಕೊನೆಗೆ ವರಾಂಡ. ಕುಂಡದ ಮುಂದೆ ನಿಂತರು. ನನ್ನ ಎದೆಯೂ ನಿಂತಿತು.

“ಅಯ್ಯೋ, ಗಿಡ ಒಣಗ್ತಿದೆಯಲ್ರೀ! ಓನರ್ ಅವ್ರಮ್ಮ ನೆಟ್ಟಿದ್ದಂತೆ ಇದು. ನೀರು ಹಾಕಲ್ವಾ ನೀವು?”

“ಹಾಕ್ತೀನಿ, ಹಾಕ್ತೀನಿ! ಸಂಜೆ ಹಾಕ್ತೀನಿ! ಬಿಸಿಲಲ್ಲಿ ಹಾಕಿದ್ರೆ ಗಿಡಕ್ಕೆ ನೆಗಡಿ...”

ಆ ಪುಣ್ಯಾತ್ಗಿತ್ತಿ ಅಷ್ಟರಲ್ಲಿ ವರಾಂಡದ ಮೂಲೆಯ ನಲ್ಲಿ ತಿರುಗಿಸಿ, ಕೊಳವೆ ಎಳೆದು, ಕುಂಡ ತುಂಬಿ ತುಳುಕುವಷ್ಟು ನೀರು ಬಿಟ್ಟಿದ್ದರು. ಬಿಲಕ್ಕೆ ಪ್ರಳಯ ಬಂದರೆ ಬಿಲವಾಸಿ ಏನು ಮಾಡುತ್ತಾನೆ? ಮಹಡಿ ಹತ್ತುತ್ತಾನೆ. ಮಣ್ಣು ಉಬ್ಬಿತು. ಬಿರಿಯಿತು. ಮೊದಲು ಹೊರೇಸ್ ತಲೆ ಹಾಕಿದ, ಸ್ನಾನದ ಕೋಣೆಯಿಂದ ಅರ್ಧಕ್ಕೇ ಎದ್ದು ಬಂದ ಯಜಮಾನನಂತೆ. ಹಿಂದೆಯೇ ಬೆರಿಲ್. ಬೆರಿಲ್‌ಳ ಹಿಂದೆ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಬಿಳಿಚಿಕೊಂಡ ಒಂದು ಮರಿ. ಇನ್ನೊಂದು. ಮತ್ತೊಂದು! ವಾರದಿಂದ ಬೆರಿಲ್ ದಪ್ಪಗಾಗಿದ್ದಾಳೆಂದು ಗ್ಲೆನಿಸ್ ಹೇಳುತ್ತಲೇ ಇದ್ದಳು. ಎಲೆ ಕಡಿಮೆ ಹಾಕು ಎಂದಿದ್ದೆ ನಾನು, ಮಹಾ ವೈದ್ಯ!

ಥೋರಾ ಕಿರುಚಿದ ಕಿರುಚಾಟಕ್ಕೆ ಎದುರು ಮರದ ಕಾಕಟೂ ಹಕ್ಕಿಗಳೇ ನಾಚಿ ಹಾರಿಹೋದವು. ಕುರ್ಚಿಯ ಮೇಲೆ ಹತ್ತಿ ನಿಂತು, ಫೈಲನ್ನು ಗುರಾಣಿಯಂತೆ ಹಿಡಿದುಕೊಂಡು ಕೇಳಿದರು:

“ಮರ್ವಿನ್! ಒಂದೇ ಮಾತಲ್ಲಿ ಹೇಳಿ. ಇವು ಸಾಕಿದ್ದಾ, ಸೇರ್ಕೊಂಡಿದ್ದಾ?”

ಓದುಗ ಮಹಾಶಯರೇ, ನನ್ನ ಸ್ಥಿತಿ ಊಹಿಸಿ. ಸಾಕಿದ್ದು ಎಂದರೆ ಕರಾರು ಮುರಿದಂತೆ, ಮನೆ ಹೋಯಿತು. ಸೇರಿಕೊಂಡದ್ದು ಎಂದರೆ ಔಷಧಿ ಹೊಡೆಸುತ್ತಾರೆ, ಬೆರಿಲ್ ಹೋದಳು. ಬೆರಿಲ್ ಹೋದರೆ ಗ್ಲೆನಿಸ್ ಮುಂದೆ ನಾನು ಹೋದೆ. ಇಂಥ ಧರ್ಮಸಂಕಟದಲ್ಲಿ ಸತ್ಯವನ್ನೇ ನುಡಿಯುವವರು ಮಹಾತ್ಮರು. ನಾನು ಮೀಟರ್ ಓದುವ ಗುಮಾಸ್ತ.

“ಸೇರ್ಕೊಂಡಿದ್ದು! ನನ್ನ ಜನ್ಮದಲ್ಲೇ ಇವನ್ನ ನೋಡಿಲ್ಲ!” ಎಂದೆ. ಹೊರೇಸ್ ನನ್ನತ್ತ ತಿರುಗಿ ಬುಸ್ ಎಂದ.

ಥೋರಾ ಕುರ್ಚಿಯ ಮೇಲಿಂದಲೇ ಔಷಧಿ ಹೊಡೆಯುವ ಡೂಗಲ್‌ಗೆ ಫೋನ್ ಮಾಡಿ, ನಾನು ಹೇಳಿದ್ದನ್ನೂ ಸೇರಿಸಿ ಎಲ್ಲ ವರದಿ ಒಪ್ಪಿಸಿದರು. ನನ್ನ ಗ್ರಹಚಾರಕ್ಕೆ ಅವನು ಪಕ್ಕದ ಬೀದಿಯಲ್ಲೇ ಇದ್ದ. ಹತ್ತು ನಿಮಿಷಕ್ಕೆ ಬೆನ್ನಿಗೆ ಡಬ್ಬ, ಕೈಯಲ್ಲಿ ನಳಿಗೆ, ಚಡ್ಡಿ, ಹವಾಯಿ ಚಪ್ಪಲಿ ಸಮೇತ ಹಾಜರು.

“ಎಲ್ಲಿ ಗುರು ಶತ್ರು?”

ಶತ್ರುವಿನ ಕುಂಡವನ್ನು ನಾನು ಅಷ್ಟರಲ್ಲಿ ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದೆ.

“ಪಕ್ಕಕ್ಕೆ ಸರೀರಿ ಮರ್ವಿನ್,” ಎಂದರು ಥೋರಾ ಕುರ್ಚಿಯ ಮೇಲಿಂದ.

“ಆಗಲ್ಲ! ನನಗೆ... ಈ ಗಿಡದ ಮೇಲೆ ಭಾವನೆ ಇದೆ!”

“ಕಾಲು ಗಂಟೆ ಹಿಂದೆ ನೀರೂ ಹಾಕ್ತಿರ್ಲಿಲ್ಲ ನೀವು!”

ಡೂಗಲ್ ನನ್ನ ತೋಳಿನ ಸಂದಿಯಿಂದ ಇಣುಕಿದವನೇ ನಳಿಗೆ ಕೆಳಗಿಟ್ಟ. “ಏ, ಬಿಡು ಗುರು! ಇದು ಹಾಳು ಮಾಡೋ ಜಿರಳೆ ಅಲ್ಲಮ್ಮಾ, ಬಿಲ ತೋಡೋದು. ಹೆತ್ತವಳು, ನೋಡಿ, ಮರಿ ಕಟ್ಕೊಂಡು ನಿಂತವಳೆ. ಯಾವನೋ ಪ್ರೀತಿಯಿಂದ ಸಾಕಿ, ಕೊನೆಗೆ ಕೈಬಿಟ್ಟವ್ನೆ, ಪಾಪಿ! ಸಿಕ್ಕಿದ್ರೆ ನಾಲ್ಕು ಬಿಗೀಬೇಕು ಅವನಿಗೆ. ಯಾರದೂ ಅಲ್ಲ ಅಂದ್ರೆ ನಾನೇ ಮನೆಗೆ ಕರ್ಕೊಂಡು ಹೋಗ್ತೀನಿ.” ಬೆರಿಲ್‌ಳನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ಜೇಬಿನಿಂದ ಡಬ್ಬಿ ತೆಗೆದ.

“ನಿಮ್ಮದೇನೂ ಅಭ್ಯಂತರ ಇಲ್ವಲ್ಲ ಮರ್ವಿನ್?” ಥೋರಾ ಕೇಳಿದರು.

ಕುಂಡವನ್ನು ಇನ್ನೂ ಬಿಗಿಯಾಗಿ ತಬ್ಬಿದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು.

“ಬೆರಿಲ್!”

ಗ್ಲೆನಿಸ್! ಪಾಳಿ ಮುಗಿಸಿ ಬಂದವಳು ಒಂದೇ ನೋಟದಲ್ಲಿ ಎಲ್ಲವನ್ನೂ ಅಳೆದಳು. ಕುರ್ಚಿಯ ಮೇಲೆ ಏಜೆಂಟ್. ಡೂಗಲ್ ಬೆನ್ನಿಗೆ ಔಷಧಿ. ನೀರಲ್ಲಿ ನೆನೆದು ಕುಂಡ ತಬ್ಬಿರುವ ಗಂಡ. ನೇರ ಡೂಗಲ್ ಬಳಿ ಹೋಗಿ ಕೈ ಚಾಚಿದಳು. ಬೆರಿಲ್ ನಿಧಾನವಾಗಿ ನಡೆದು ಅವಳ ಅಂಗೈಗೆ ದಾಟಿಕೊಂಡಳು.

“ಇದು ನಂದು ಥೋರಾ. ಹೊರೇಸನೂ ನಂದೇ, ಮರಿಗಳೂ ನಂದೇ. ನಿಮ್ಮನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ, ತಪ್ಪು ನಂದು. ನೋಟೀಸು ಕೊಡೋದಾದ್ರೆ ಕೊಡಿ. ಇವಳನ್ನ ಮಾತ್ರ ಬಿಡಲ್ಲ.”

ಇಷ್ಟೇ! ನಾನು ಇಡೀ ಬೆಳಗು ಈರುಳ್ಳಿ ಹೊತ್ತು ಅಡಗಿಸಿದ್ದನ್ನು ಅವಳು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದಳು.

ಥೋರಾ ಕುರ್ಚಿಯಿಂದ ಇಳಿದು, ಎರಡು ಮಾರು ದೂರದಿಂದ ಬೆರಿಲ್‌ಳನ್ನು ನೋಡಿದರು. ಡೂಗಲ್‌ನತ್ತ ನೋಡಿದರು. “ಗೋಡೆ ಕೊರೆಯುತ್ತಾ?” “ಇಲ್ಲಮ್ಮಾ, ಒಣ ಎಲೆ ತಿನ್ಕೊಂಡು ಬಿದ್ದಿರುತ್ತೆ.” ಥೋರಾ ಫೈಲಿನಿಂದ ಒಂದು ಅರ್ಜಿ ಹಾಳೆ ಎಳೆದು ಗ್ಲೆನಿಸ್‌ಗೆ ಕೊಟ್ಟರು. “ಮೀನಿನ ತೊಟ್ಟಿಗೆ ಕೊಡಲ್ವಾ ಅಪ್ಪಣೆ? ಹಾಗೇ ಇದಕ್ಕೂ. ಕೇಳಿದ್ರೆ ಅವತ್ತೇ ಕೊಡ್ತಿದ್ದೆ ಕಣಮ್ಮ.”

ಗ್ಲೆನಿಸ್ ಎರಡು ನಿಮಿಷದಲ್ಲಿ ಬರೆದು ಕೊಟ್ಟಳು. ಥೋರಾ ಅರ್ಧ ನಿಮಿಷದಲ್ಲಿ ರುಜು ಹಾಕಿದರು. ಬಗ್ಗದ ಪ್ಯಾಸ್ಕೋ ವಂಶದ ಕುಡಿ ಇನ್ನೂ ಕುಂಡ ತಬ್ಬಿಕೊಂಡೇ ಇತ್ತು.

“ಹಂಗಾದ್ರೆ ನಂಗೇನೂ ಕೆಲ್ಸ ಇಲ್ಲ,” ಎಂದು ಡೂಗಲ್ ನಿರಾಸೆಯಿಂದ ಡಬ್ಬದ ಪಟ್ಟಿ ಬಿಗಿಮಾಡಿಕೊಂಡ. “ಇವರು ಜನ್ಮದಲ್ಲೇ ನೋಡಿಲ್ಲ ಅಂದ್ರಂತೆ?”

“ಹಾಗಂದನಾ?” ಗ್ಲೆನಿಸ್ ಮೊದಲ ಸಲ ನನ್ನತ್ತ ತಿರುಗಿದಳು. ಬೆರಿಲ್‌ಳ ಬೆನ್ನು ಸವರುತ್ತಲೇ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಸಿಂಕಿನ ಕೆಳಗೆ ಏನೋ ಕಂಡವಳಂತೆ.

“ಇರಿ, ಹೋಗ್ಬೇಡಿ. ಕೆಲಸ ಇದೆ. ಕುಂಡದ ಪಕ್ಕ ಕೂತಿದೆಯಲ್ಲ, ಅದು ಸಾಕಿದ್ದಲ್ಲ, ಸೇರ್ಕೊಂಡಿದ್ದು.”