ಒಂದು ಕಾರ್ಡಿಗೆ ಐದು ನಯಾಪೈಸೆ

ನನಗೆ ಕೋಪ ಬರುವುದು ದೊಡ್ಡ ವಿಷಯಗಳಿಗಲ್ಲ. ಗಾಳಿಗೆ ಶಾಲೆಯ ಹೆಂಚು ಹಾರಿಹೋದಾಗಲೂ ನಕ್ಕವನು ನಾನು. ಆದರೆ ನ್ಯಾಯವಾಗಿ ಬರಬೇಕಾದ್ದರಲ್ಲಿ ಒಂದು ಚೂರು ಕಡಿಮೆಯಾದರೂ ಮೈಯೆಲ್ಲ ಉರಿಯುತ್ತದೆ. ಅಂಥವನ ಕಾಲಕ್ಕೇ ಸರ್ಕಾರ ಆಣೆ ಬಿಟ್ಟು ನಯಾಪೈಸೆ ತರಬೇಕೆ! ತಂದಿತು, ಸರಿ. ತಂದದ್ದನ್ನು ಜನರ ಕೈಗೆ ಕೊಡಬೇಡವೆ? ಬೆಲೆಯೆಲ್ಲ ಹೊಸ ಲೆಕ್ಕದಲ್ಲಿ, ನಮ್ಮ ಜೇಬಿನಲ್ಲಿ ಮಾತ್ರ ಹಳೇ ಆಣೆ. ಕೇಳಿದ ಕಡೆಯೆಲ್ಲ ‘ಮುಗೀತು, ಮುಂದಿನ ವಾರ ಬನ್ನಿ’ ಅನ್ನುವವರೇ. ಬೇಲೂರಿನ ಭಾವಮೈದ ನಾಲ್ಕು ಹೊಸ ನಾಣ್ಯ ತಂದುಕೊಟ್ಟಿದ್ದ. ನನ್ನಾಕೆ ಅವಕ್ಕೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟುಬಿಟ್ಟಳು. “ಹೊಸದು ಮೊದಲು ದೇವರಿಗೆ ಕಣ್ರೀ. ಮುಟ್ಟೀರಿ, ಜೋಕೆ!” ಊರಿನ ಮನೆಮನೆಯಲ್ಲೂ ಇದೇ ಕಥೆ. ಮತ್ತೆ ಚಿಲ್ಲರೆ ಎಲ್ಲಿಂದ ಬರಬೇಕು?

ಆ ಹೊತ್ತಿಗೇ ಮಗಳು ಶಾರದೆಗೆ ಅರಸೀಕೆರೆಯ ಗಂಡೊಂದು ಕೂಡಿಬಂದಿತ್ತು. ಜಾತಕ ಸರಿಹೋಗಿದೆ, ಹೆಣ್ಣು ನೋಡುವ ದಿನ ತಿಳಿಸಿ ಬೇಗ ಕಾರ್ಡು ಹಾಕಿ, ತಡವಾದರೆ ಬಾಣಾವರದಲ್ಲಿ ಅವರಿಗೆ ಇನ್ನೊಂದು ಹುಡುಗಿ ಇದ್ದಾಳೆ ಎಂದು ಮಧ್ಯಸ್ಥರು ಹೇಳಿಕಳಿಸಿದ್ದರು. ಅಂಚೆ ಕಚೇರಿಗೆ ಓಡಿದೆ. ಕಾರ್ಡಿಗೆ ಐದು ನಯಾಪೈಸೆ. ಒಂದಾಣೆ ಕೊಟ್ಟು ಕೈ ಚಾಚಿದೆ.

“ಆಣೆಗೆ ಆರು ನಯಾಪೈಸೆ. ಇನ್ನೊಂದು ಎಲ್ಲಿ?”

“ಚಿಲ್ಲರೆ ಇಲ್ಲ ಮೇಷ್ಟ್ರೇ. ಒಂದು ನಯಾಪೈಸೆ ತಾನೆ, ಬಿಟ್ಟುಬಿಡಿ ಅತ್ಲಾಗೆ,” ಎಂದರು ಅಂಚೆ ಮಾಸ್ತರರು.

ಬಿಡುವುದೇ? ಮಕ್ಕಳಿಗೆ ಲೆಕ್ಕ ಹೇಳಿಕೊಡುವ ನಾನು ಐದಕ್ಕೆ ಆರು ಕೊಟ್ಟು ಬರಲೇ? ಆಣೆಯನ್ನು ಕಿತ್ತುಕೊಂಡು ಮನೆಗೆ ಬಂದೆ. ಮೂರು ದಿನ ಹೋಗಿ ಜಗಳವಾಡಿದೆ, ಮೂರು ದಿನವೂ ಕಾರ್ಡಿಲ್ಲದೆ ಬಂದೆ. ನನ್ನಾಕೆ ಕಣ್ಣೀರು ಹಾಕಿದಳು. “ಒಂದು ಪೈಸೆಗೆ ಮಗಳ ಬಾಳು ಹಾಳು ಮಾಡ್ತೀರಲ್ರೀ!” ಮಾರನೆಯ ಬೆಳಿಗ್ಗೆಯೇ ಹಳೇಬೀಡಿಗೆ ನಡೆದು ಅರಸೀಕೆರೆ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ನೋಟು ಚೀಲಕ್ಕೆ ಹಾಕಿಕೊಂಡು “ಚಿಲ್ಲರೆ ಇಳಿಯುವಾಗ ಕೊಡ್ತೀನಿ ಸ್ವಾಮಿ” ಎಂದ. ಬಾಣಾವರದ ಹುಡುಗಿಯ ಯೋಚನೆಯಲ್ಲಿ ನಾನು ಹೂಂ ಅಂದುಬಿಟ್ಟೆ.

ಗಂಡಿನ ತಂದೆ ಬಾಗಿಲಲ್ಲೇ ಸಿಕ್ಕರು. ನಾನು ಬಾಯಿ ತೆರೆಯುವ ಮೊದಲೇ ಅವರು ಶುರುಮಾಡಿದರು. “ಯಾವತ್ತು ಬರೋಣ ಅಂತ ನಾವೇ ಕೇಳಿ ಬರೆಯೋಣ ಅಂತಿದ್ದೆ ಸ್ವಾಮಿ. ಕಾರ್ಡು ತರೋಕೆ ಹೋದರೆ, ಒಂದು ನಯಾಪೈಸೆ ವಾಪಸ್ ಕೊಡಲ್ಲ ಅಂತಾರೆ! ಇಟ್ಟುಕೊಳ್ಳೋಕೆ ಅದೇನು ಅವರಪ್ಪನ ಮನೆ ಗಂಟೇ? ವಾರದಿಂದ ದಿನಾ ಹೋಗಿ ಜಗಳ ಆಡ್ತಿದ್ದೀನಿ!”

ನಾನು ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ. ಕಾಫಿ ಆರಿಹೋಗುವವರೆಗೂ ಇಬ್ಬರೂ ಸೇರಿ ಸರ್ಕಾರವನ್ನು ಬೈದೆವು. ಅವರು ಭಾನುವಾರ ಬರುವುದೆಂದು ನಿಶ್ಚಯವಾಯಿತು. ಬಂದರು, ಒಪ್ಪಿದರು.

ಅವರು ಹೋದಮೇಲೆ ಹಿಗ್ಗಿನಿಂದ ನನ್ನಾಕೆಗೆ ಈ ಕಥೆಯನ್ನೆಲ್ಲ ಹೇಳಿದೆ. ಅವಳು ದೇವರ ಮುಂದಿನ ನಾಣ್ಯಗಳನ್ನೇ ದುರುಗುಟ್ಟಿ ನೋಡಿದಳು.

“ನನ್ನ ಮಗಳಿಗಾದರೂ ಇಂಥ ಹಠದ ಮನೆ ತಪ್ಪಲಿ ಅಂತ ಬೇಡಿಕೊಂಡು ಅದನ್ನ ಇಟ್ಟಿದ್ದೆ ಕಣ್ರೀ!”

ಬಸ್ಸಿನ ಕಂಡಕ್ಟರನಿಂದ ಚಿಲ್ಲರೆ ಇಸಕೊಳ್ಳಲು ಮರೆತದ್ದು ನನಗೆ ಆಗ ನೆನಪಾಯಿತು. ಅದನ್ನು ಹೇಳಲು ಇದು ಸಮಯವಲ್ಲವೆಂದು ಕಾಫಿ ಲೋಟಗಳನ್ನು ಎತ್ತಿಡತೊಡಗಿದೆ.