ಉತ್ತರ ಬರುವ ತನಕ

ಮೇಲಿನಿಂದ ಕೆಳಕ್ಕೆ ಇಳಿಯುವುದರಲ್ಲಿ ಎರಡು ಬಗೆಯಿದೆ. ಜೋಗದ ನೀರಿನಂಥದ್ದು ಇಳಿದಷ್ಟೂ ಶಕ್ತಿ ಪಡೆಯುತ್ತದೆ. ಸರ್ಕಾರಿ ತರಬೇತಿಯಂಥದ್ದು ಇಳಿದಷ್ಟೂ ತೆಳ್ಳಗಾಗುತ್ತದೆ. ರಾಜ್ಯಮಟ್ಟದಲ್ಲಿ ಅದು ವಾರವಿಡೀ ನಡೆಯುತ್ತದೆ, ದಪ್ಪ ಕೈಪಿಡಿ ಕೊಡುತ್ತಾರೆ, ಊಟಕ್ಕೆ ಎರಡು ಬಗೆಯ ಪಲ್ಯವಿರುತ್ತದೆ. ಜಿಲ್ಲೆಗೆ ಬರುವಾಗ ಅರ್ಧ ಕೈಪಿಡಿ, ಒಂದು ಪಲ್ಯ. ತಾಲ್ಲೂಕಿಗೆ ಬರುವಾಗ ಒಂದು ದಿನ, ಚಿತ್ರಾನ್ನ. ಅಲ್ಲಿಂದ ಶಾಲೆಗೆ ತಲುಪುವ ಹೊತ್ತಿಗೆ ಉಳಿಯುವುದು, ಬಿಡುವಿನಲ್ಲಿ ಒಬ್ಬ ಟೀಚರು ಇನ್ನೊಬ್ಬರಿಗೆ ಹೇಳುವ ಒಂದು ವಾಕ್ಯ. ಈ ಇಳಿಜಾರಿನಲ್ಲಿ ನಾನೂ ಒಂದು ಮೆಟ್ಟಿಲು. ನನ್ನ ಹುದ್ದೆಯ ಹೆಸರು ಸಂಪನ್ಮೂಲ ವ್ಯಕ್ತಿ. ಮನೆ ಸಾಗರದಲ್ಲಿ, ಕಚೇರಿ ಹೊಸನಗರದಲ್ಲಿ, ಜನ ಸಾಲದೆ ಬಂದಾಗ ತೀರ್ಥಹಳ್ಳಿಯ ಶಿಕ್ಷಕರಿಗೂ ನಾನೇ ಸಂಪನ್ಮೂಲ.

ಈ ಸಲ ಇಡೀ ರಾಜ್ಯಕ್ಕೆ ಬಂದದ್ದು ಪುರಾವೆ ಆಧಾರಿತ ಬೋಧನೆ. ನಮಗೆ ಚೆಂದ ಕಂಡದ್ದನ್ನು ಮಾಡುವುದಲ್ಲ, ಮಾಡಿ ನೋಡಿ ಫಲ ಕಂಡದ್ದನ್ನು ಮಾತ್ರ ತರಗತಿಗೆ ತರಬೇಕು ಎನ್ನುವುದು ಅದರ ಸಾರಾಂಶ. ಅದರಲ್ಲಿ ನನಗೆ ತುಂಬ ಹಿಡಿಸಿದ ಕ್ರಮ ಎಲ್ಲಕ್ಕಿಂತ ಅಗ್ಗದ್ದು. ಟೀಚರು ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕು, ಅಷ್ಟೇ. ನಾವು ಹಾಗಿರುವುದಿಲ್ಲ. ಪ್ರಶ್ನೆಯ ಬಾಲದಲ್ಲೇ ಉತ್ತರದ ತಲೆಯನ್ನೂ ಹೇಳಿಬಿಡುತ್ತೇವೆ. ಮುಂದಿನ ಬೆಂಚಿನ ಚುರುಕು ಮಕ್ಕಳು ಅದನ್ನು ಹಿಡಿದು ಕೂಗುತ್ತವೆ, ಉಳಿದವು ತಮ್ಮ ಅಗತ್ಯವಿಲ್ಲವೆಂದು ಕಿಟಕಿ ನೋಡುತ್ತವೆ. ಇದನ್ನು ನನ್ನ ಗಂಡನಿಗೆ ವಿವರಿಸಿದೆ. ಜೋಗದ ವಿದ್ಯುದಾಗಾರದಲ್ಲಿ ಯಂತ್ರಗಳ ಗದ್ದಲದ ನಡುವೆ ದುಡಿದ ಅವರು ಮನೆಯಲ್ಲಿ ಮಾತನ್ನು ಬಹಳ ಮಿತವಾಗಿ ಬಳಸುತ್ತಾರೆ. ಪೂರ್ತಿ ಕೇಳಿಸಿಕೊಂಡು, "ಇದ್ರಲ್ಲಿ ಕಲಿಯಕ್ಕೆ ಎಂತ ಇದ್ದು? ಸುಮ್ನೆ ಕೂರದಕ್ಕೆ ಬೆಂಗ್ಳೂರಿಗೆ ಹೋಗವಾ?" ಎಂದರು. ನನಗೆ ಸಿಟ್ಟು ಬಂತು. ಅವರಿಗೆ ಅಷ್ಟು ಸಲೀಸಾಗಿ ಬರುವ ವಿದ್ಯೆಯನ್ನು ಬೇರೆಯವರಿಗೆ ಕಲಿಸಲು ನಾನು ಹೊಸನಗರದ ಸಭಾಂಗಣದಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚದೆ ಮಾತಾಡಿದ್ದೆ.

ತರಬೇತಿ ಮುಗಿದು ಕೆಲವು ವಾರಗಳಾಗಿದ್ದವು. ಚಳಿಗಾಲದ ಒಂದು ಬೆಳಿಗ್ಗೆ ನಮ್ಮ ಸಾಹೇಬರು ಕರೆದರು. ಅವರು ಒಳ್ಳೆಯ ಸುದ್ದಿಯನ್ನು ನಿಂತೇ ಹೇಳಿ ಕಳಿಸುತ್ತಾರೆ, ಕೆಟ್ಟ ಸುದ್ದಿಯಾದರೆ ಕೂರಿಸುತ್ತಾರೆ. "ಕೂತ್ಕೊಳಿ ಮೇಡಂ" ಎಂದರು.

"ಹುಂಚದ ಕಡೆಯ ಶಾಲೆಯಿಂದ ದೂರು. ವಾಸಂತಿ ಟೀಚರು ಪಾಠ ಮಾಡಲ್ಲಂತೆ. ಪ್ರಶ್ನೆ ಕೇಳಿ ಕಂಬದ ಹಾಗೆ ನಿಲ್ತಾರಂತೆ. ಅವರನ್ನ ಬೇರೆ ಕಡೆ ಹಾಕಿ ಅಂತಿದಾರೆ. ಯಾರು ಹೀಗೆ ಕಲಿಸಿದ್ದು ಅಂತ ಕೇಳಿದ್ದಕ್ಕೆ ಟೀಚರು ನಿಮ್ಮ ಹೆಸರು ಹೇಳಿದಾರೆ."

ಅಷ್ಟಕ್ಕೇ ಮುಗಿದಿರಲಿಲ್ಲ. ದೂರು ಕೊಟ್ಟವರು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಪದ್ಮರಾಜ್. ಹುಂಚದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವವರು. ಅವರ ಮಗಳೂ ಅದೇ ಶಾಲೆಯಲ್ಲಿ ನಾಲ್ಕನೆಯ ತರಗತಿ. ಟೀಚರನ್ನು ಬದಲಿಸದಿದ್ದರೆ ಮಗಳನ್ನು ಕೋಣಂದೂರಿನ ಖಾಸಗಿ ಶಾಲೆಗೆ ಹಾಕುತ್ತೇನೆಂದು ಅವರು ಹೇಳಿದ್ದರು. ಆ ಶಾಲೆಯ ವ್ಯಾನು ಈಗಾಗಲೇ ಊರಿನ ತಿರುವಿನವರೆಗೆ ಬರುತ್ತಿತ್ತು. ಅಧ್ಯಕ್ಷರ ಮಗಳು ಆ ವ್ಯಾನು ಹತ್ತಿದರೆ ಉಳಿದ ಮಕ್ಕಳೂ ಹತ್ತುತ್ತಾರೆ. ಇರುವುದೇ ಬೆರಳೆಣಿಕೆಯ ಮಕ್ಕಳು. ಆಮೇಲೆ ವಾಸಂತಿಯನ್ನು ಬೇರೆ ಕಡೆ ಹಾಕುವ ಕಷ್ಟವೂ ಇರುವುದಿಲ್ಲ, ಶಾಲೆಯೇ ಇರುವುದಿಲ್ಲ.

ಮರುದಿನವೇ ಹೊರಟೆ. ಬಾಗಿಲಲ್ಲಿ ಗಂಡ, "ಅಲ್ಲಿ ಜಾಸ್ತಿ ಮಾತಾಡಡ. ಅವ್ರು ಹೇಳದನ್ನ ಕೇಳು" ಎಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಮೊದಲು ಸಂಶೋಧನೆ, ಆಮೇಲೆ ಮಕ್ಕಳ ಮನೋವಿಜ್ಞಾನ, ಕೊನೆಗೆ ಒಂದು ಉಪಮೆ. ಉಪಮೆ ಹುಂಚ ಬರುವವರೆಗೂ ಸಿಗಲಿಲ್ಲ. ಬಸ್ ನಿಲ್ದಾಣದಲ್ಲಿ ವಾಸಂತಿ ನಿಂತಿದ್ದಳು. ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗದ ಹುಡುಗಿ, ಮುಖ ಬಾಡಿತ್ತು.

"ಮೇಡಂ, ನೀವು ಹೇಳಿದ್ದನ್ನೇ ಮಾಡಿದ್ದು ನಾನು" ಎಂದಳು.

"ಗೊತ್ತು, ಹೆದರಬೇಡ" ಎಂದೆ. ಇಬ್ಬರೂ ಶಾಲೆಯ ಕಡೆ ನಡೆದೆವು.

ಶಾಲೆಯ ದೊಡ್ಡ ಕೋಣೆಯಲ್ಲಿ ತಂದೆತಾಯಿಗಳು ಮಕ್ಕಳ ಪುಟ್ಟ ಬೆಂಚುಗಳ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದರು. ಮಕ್ಕಳು ಹೊರಗೆ ಆಡುತ್ತಿದ್ದರು. ಪದ್ಮರಾಜ್ ಎದ್ದು ನಿಂತರು. ಕೂಗಾಡುತ್ತಾರೆಂದು ನಾನು ಸಿದ್ಧಳಾಗಿದ್ದೆ. ಅವರು ಮೆಲ್ಲಗೆ ಮಾತಾಡಿದರು. ಅದು ಇನ್ನೂ ಕಷ್ಟ.

"ಜಗಳಕ್ಕೆ ಬಂದವನಲ್ಲ ಮೇಡಂ. ನನ್ನ ಮಗಳು ಸಿಂಚನಾಗೆ ಮಾತು ತಡೀತದೆ, ಊರಿಗೇ ಗೊತ್ತು. ಮೊದ್ಲು ಟೀಚರು ಅವಳನ್ನ ಏನೂ ಕೇಳ್ತಿರ್ಲಿಲ್ಲ, ನಾವೂ ಸುಮ್ನಿದ್ವಿ. ಈಗ ದಿನಾ ಕೇಳ್ತಾರೆ. ಕೇಳಿ ಸುಮ್ನೆ ನಿಲ್ತಾರೆ. ಇಡೀ ಕ್ಲಾಸು ಅವಳ ಬಾಯಿ ನೋಡ್ತದೆ. ಮನೆಗೆ ಬಂದು ಸರಿ ಊಟ ಮಾಡಲ್ಲ ಅವಳು. ನಿಮ್ಮ ಮಗಳಾಗಿದ್ರೆ ಏನ್ ಮಾಡ್ತಿದ್ರಿ?"

ಹಿಂದಿನಿಂದ ಒಬ್ಬ ತಾಯಿ, "ಟೀಚರಿಗೇ ಉತ್ತರ ಗೊತ್ತಿಲ್ವೇನೋ ಅಂತ ನಮ್ಮನೇಲಿ ಮಾತು" ಎಂದರು. ಯಾರೂ ನಗಲಿಲ್ಲ.

ನಾನು ಗಂಟಲು ಸರಿಮಾಡಿಕೊಂಡು, "ಸಂಶೋಧನೆಗಳು ತೋರಿಸಿರುವಂತೆ" ಎಂದು ಶುರು ಮಾಡಿದೆ.

"ಅದು ಯಾರ ಮಕ್ಕಳ ಮೇಲೆ ಮಾಡಿದ್ದು ಮೇಡಂ?"

ಕೈಪಿಡಿಯಲ್ಲಿ ಅದಿತ್ತೋ ಇಲ್ಲವೋ ನೆನಪಾಗಲಿಲ್ಲ. "ಬೇರೆ ಬೇರೆ ಕಡೆ" ಎಂದೆ.

"ಹುಂಚದ ಮಕ್ಕಳ ಮೇಲಂತೂ ಅಲ್ಲ" ಎಂದು ಅವರು ತಲೆಯಾಡಿಸಿದರು. "ಹೋಗ್ಲಿ, ಎಷ್ಟು ಹೊತ್ತು ಕಾಯ್ಬೇಕು ಅಂತ ಹೇಳಿದಾರೆ?"

ಇದು ಗೊತ್ತಿದ್ದ ಪ್ರಶ್ನೆ. ಹುರುಪಿನಿಂದ, "ಬರೀ ಮೂರ್ನಾಲ್ಕು ಸೆಕೆಂಡು" ಎಂದೆ.

ವಾಸಂತಿ ತಟ್ಟನೆ ನನ್ನ ಕಡೆ ತಿರುಗಿದಳು. "ಮೂರ್ನಾಲ್ಕು ಸೆಕೆಂಡಾ? ಮೇಡಂ, ಮಗು ಬಾಯಿ ಬಿಡೋ ತನಕ ಕಾಯ್ಬೇಕು ಅಂತಲ್ವಾ ನೀವು ಹೇಳಿದ್ದು?"

ಹೇಳಿರಬಹುದು. ಚಿತ್ರಾನ್ನ ಉಂಡು ತೂಕಡಿಸುತ್ತಿದ್ದ ಶಿಕ್ಷಕರನ್ನು ಎಬ್ಬಿಸಲು ನಾನು ಏನೇನೋ ಹೇಳುತ್ತೇನೆ. ಎಲ್ಲರೂ ನಿದ್ದೆಯಲ್ಲಿದ್ದಾರೆಂದುಕೊಂಡಾಗ ಒಬ್ಬಳು ಎಚ್ಚರವಾಗಿ ಕೇಳಿಸಿಕೊಂಡಿದ್ದಳು. ಈಗ ಕೋಣೆಯಲ್ಲಿದ್ದ ಕಣ್ಣುಗಳೆಲ್ಲ ವಾಸಂತಿಯನ್ನು ಬಿಟ್ಟು ನನ್ನ ಮೇಲೆ ನೆಟ್ಟವು. ಗಂಡ ಹೇಳಿದ ಹಾಗೆ ನಾನು ಹೆಚ್ಚು ಮಾತಾಡಲಿಲ್ಲ.

ನನ್ನನ್ನು ಪಾರು ಮಾಡಿದವಳು ವಾಸಂತಿಯೇ. "ಒಂದ್ಸಲ ಕ್ಲಾಸು ನೋಡಿ. ಆಮೇಲೆ ಏನು ಬೇಕಾದ್ರೂ ತೀರ್ಮಾನ ಮಾಡಿ" ಎಂದಳು. ಪದ್ಮರಾಜ್ ಯೋಚಿಸಿ, "ಸರಿ. ಆದ್ರೆ ಅವಳನ್ನ ಹೆಸರು ಹಿಡಿದು ಎಬ್ಬಿಸ್ಬೇಡಿ" ಎಂದರು.

ಮಕ್ಕಳು ಒಳಗೆ ಬಂದು ಚಾಪೆಯ ಮೇಲೆ ಕೂತರು. ಸಿಂಚನಾ ಯಾರೆಂದು ತೋರಿಸಬೇಕಾಗಲಿಲ್ಲ. ಎರಡು ಜಡೆಯ ಒಂದು ಹುಡುಗಿ ಅಪ್ಪನ ಕಡೆ ಕಣ್ಣೆತ್ತದೆ ಗೋಡೆಗೆ ಒತ್ತಿಕೊಂಡಿತ್ತು. ವಾಸಂತಿ ಎಲ್ಲರಿಗೂ ಸೇರಿಸಿ ಕೇಳಿದಳು: "ಒಂದು ಉದ್ದ ಹಗ್ಗ ಇದೆ. ಅದನ್ನ ಐದು ತುಂಡು ಮಾಡ್ಬೇಕು. ಎಷ್ಟು ಸಲ ಕತ್ತರಿಸ್ಬೇಕು?"

ಕೇಳಿ ಸುಮ್ಮನಾದಳು. ಮಕ್ಕಳೂ ಸುಮ್ಮನಾದವು. ಒಂದು ಮಗು ಗಾಳಿಯಲ್ಲಿ ಬೆರಳಾಡಿಸುತ್ತಿತ್ತು, ಇನ್ನೊಂದು ತನ್ನ ಲಂಗದ ದಾರ ಎಳೆದು ನೋಡುತ್ತಿತ್ತು. ಅಡುಗೆ ಕೋಣೆಯ ಕುಕ್ಕರು ಒಮ್ಮೆ ಕೂಗಿ ನಿಂತಿತು. ಆಗ ಗೋಡೆಯ ಬಳಿಯಿಂದ ಒಂದು ಕೈ ಅರ್ಧ ಮೇಲೆದ್ದಿತು. ಸಿಂಚನಾಳದು. ವಾಸಂತಿ ತಲೆಯಾಡಿಸಿದಳು. ಹುಡುಗಿ ಎದ್ದು ನಿಂತಿತು. ತುಟಿ ಕೂಡಿತು, ಗಂಟಲ ನರ ಉಬ್ಬಿತು, ಸದ್ದು ಬರಲಿಲ್ಲ.

ಮೌನ ಎಷ್ಟು ಒಳ್ಳೆಯದೆಂದು ತಾಸುಗಟ್ಟಲೆ ಉಪನ್ಯಾಸ ಕೊಟ್ಟವಳು ನಾನು. ಅದರೊಳಗೆ ಕೂರುವುದು ಹೇಗಿರುತ್ತದೆಂದು ತಿಳಿದದ್ದು ಆವತ್ತು. ಪದ್ಮರಾಜ್ ಬೆಂಚಿನ ಅಂಚನ್ನು ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು. ಒಬ್ಬ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಮಗುವಿನ ಕಣ್ಣಲ್ಲಿ ನೀರು ಬರುತ್ತದೆ, ಈಗ ಬರುತ್ತದೆ, ಬಂದರೆ ಶಾಲೆ ಹೋಯಿತು, ವಾಸಂತಿ ಹೋದಳು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ವಾಸಂತಿ ಮಾತ್ರ ಕದಲದೆ, ಎಲ್ಲಿಗೂ ಹೋಗುವ ಅವಸರವಿಲ್ಲದವಳಂತೆ ನಿಂತಿದ್ದಳು. ನನ್ನಿಂದ ತಾಳಲಾಗಲಿಲ್ಲ. ನನಗೇ ತಿಳಿಯದಂತೆ ಬಾಯಿ ತೆರೆದುಕೊಂಡಿತು.

"ಐದು ಅಲ್ವಾ ಪುಟ್ಟಿ?"

ವಾಸಂತಿ ಕಣ್ಣು ಮುಚ್ಚಿಕೊಂಡಳು. ಪದ್ಮರಾಜ್ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಒಬ್ಬ ಸಹಪ್ರಯಾಣಿಕನ ಅನುಕಂಪವಿತ್ತು. ಸಿಂಚನಾ ನನ್ನ ಕಡೆ ತಿರುಗಿದಳು. ಅಲ್ಲವೆಂದು ತಲೆಯಾಡಿಸಿದಳು.

"ನಾ… ನಾ…"

ಈ ಸಲ ನಾನು ನಾಲಿಗೆ ಕಚ್ಚಿಕೊಂಡು ಕೂತೆ.

"ನಾ… ನಾಲ್ಕು. ಕೊನೇ ತುಂಡು ತಾ… ತಾನೇ ಉಳೀತದೆ."

ನಾನು ಮಡಿಲಲ್ಲಿ ಬೆರಳಿಟ್ಟು ಹಗ್ಗ ಕತ್ತರಿಸಿ ನೋಡಿದೆ. ಉಳಿಯುತ್ತದೆ. ಹಿಂದಿನ ಬೆಂಚುಗಳಲ್ಲೂ ದೊಡ್ಡವರು ಗುಟ್ಟಾಗಿ ಅದನ್ನೇ ಮಾಡುತ್ತಿದ್ದರು.

"ನಾನೂ ಐದು ಅಂತ್ಲೇ ಅಂದ್ಕೊಂಡಿದ್ದೆ" ಎಂದರು ಪದ್ಮರಾಜ್. ಆಮೇಲೆ ಬೆಂಚಿನಿಂದೆದ್ದು ಚಾಪೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. "ಮನೆಗೆ ಬಂದು ಊಟ ಬಿಡ್ತಿಯಲ್ಲ ಮಗಾ, ಯಾಕೆ? ಟೀಚರು ನಿಲ್ಲಿಸ್ತಾರೆ ಅಂತಾನಾ?"

ಅವಳು ಯೋಚಿಸಿದಳು. ಕೋಣೆಯೆಲ್ಲ ಕಾಯಿತು. ಆ ಹೊತ್ತಿಗೆ ನಮಗೆಲ್ಲ ಸ್ವಲ್ಪ ಅಭ್ಯಾಸವಾಗಿತ್ತು.

"ಅ… ಅಲ್ಲ. ನಾನು ಹೇಳೋದ್ರೊಳಗೆ ಬೆ… ಬೆಲ್ಲು ಹೊಡೀತದೆ."

ಸೆರಗು ಬಾಯಿಗೊತ್ತಿಕೊಂಡಿದ್ದ ತಾಯಿ ಮೊದಲು ನಕ್ಕರು. ಪದ್ಮರಾಜ್ ನಗಲಿಲ್ಲ. ಮಗಳ ಜಡೆಯ ರಿಬ್ಬನನ್ನು ಸರಿ ಮಾಡಿದರು. ಕೊನೆಗೆ ವಾಸಂತಿಗೆ, "ಕೊನೇ ಪಿರಿಯಡಲ್ಲಿ ಮಾತ್ರ ಕೇಳ್ಬೇಡಿ. ಬೆಳಿಗ್ಗೇನೇ ಕೇಳಿ. ಈ ವರ್ಷ ಇವಳು ಇಲ್ಲೇ ಇರ್ಲಿ, ಮುಂದಿನ ವರ್ಷದ್ದು ನೋಡಣ" ಎಂದರು. ಗೆಲುವೆಂದು ಕರೆಯುವಂಥದ್ದಲ್ಲ, ಆದರೆ ಆ ವರ್ಷಕ್ಕೆ ಸಾಕಾಗುವಷ್ಟಿತ್ತು. ವಾಸಂತಿ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದಳು. "ಹಾಗಾದ್ರೆ ನಾಳೆಯಿಂದ ಮೂರ್ನಾಲ್ಕು ಸೆಕೆಂಡು ಸಾಕಾ ಮೇಡಂ?" ಎಂದು ಕೇಳಿದಳು. ಅವಳಿಗೆ ಏನು ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಬಸ್ಸು ಬಂತು.

ಮುಂದಿನ ವಾರ ರಾಜ್ಯ ಕಚೇರಿಯಿಂದ ಫೋನು. ಕಾರ್ಯಕ್ರಮ ಎಲ್ಲೆಲ್ಲಿ ಹೇಗೆ ನಡೆದಿದೆಯೆಂದು ವಿಚಾರಿಸುವ ಯುವಕ, ತುಂಬ ವಿನಯದ ಧ್ವನಿ. "ಮೇಡಂ, ನಿಮ್ಮಲ್ಲಿ ತರಬೇತಿ ಶಾಲೆಗಳಿಗೆ ಯಥಾವತ್ತಾಗಿ ತಲುಪಿದೆಯಾ?"

ಯಥಾವತ್ತಾಗಿ ತಲುಪಿಲ್ಲ. ತಪ್ಪಾಗಿ ತಲುಪಿದೆ, ತಪ್ಪು ನನ್ನದೇ. ಆದರೆ ಆ ತಪ್ಪಿನಿಂದಲೇ ಒಬ್ಬ ಹುಡುಗಿ ಮಾತಾಡಿದಳು. ಹಾಗೆಂದು ಎಲ್ಲರೂ ತಪ್ಪಾಗಿ ಕಲಿಸಿ ಎನ್ನಲೂ ಬರುವುದಿಲ್ಲ. ಇಷ್ಟನ್ನೂ ಹೇಳಬೇಕೆಂದು ಉಸಿರು ಎಳೆದುಕೊಂಡು ಎಲ್ಲಿಂದ ಶುರು ಮಾಡಲೆಂದು ಒಂದು ಕ್ಷಣ ತಡೆದೆ.

"ತಲುಪಿದೆ ಅಂತ ಹಾಕ್ಕೊಳ್ತೀನಿ ಮೇಡಂ, ಇನ್ನೂ ಬೇಕಾದಷ್ಟು ತಾಲ್ಲೂಕು ಉಳಿದಿವೆ" ಎಂದು ಅವನು ಫೋನಿಟ್ಟ.

ಅವನ ನಂಬರು ನನ್ನ ಫೋನಿನಲ್ಲೇ ಇದೆ. ತಿರುಗಿ ಕರೆದು ಹೇಳಬಹುದಿತ್ತು. ಹೇಳಲಿಲ್ಲ. ತಲುಪಿದೆ ಎಂಬ ಉತ್ತರ, ನಿಜ ಹೇಳಬೇಕೆಂದರೆ, ಕೇಳಲು ಚೆನ್ನಾಗಿಯೇ ಇತ್ತು.